ಪರೀಕ್ಷೆಯ ಹಾಡು

ಪತ್ರಿಕೆಯ ವಿಮರ್ಶೆಗೆ ಯಾವ ಮ್ಯೂಸಿಕ್ ಪ್ಲೇಯರ್ ಬಂದರೂ ಅವನು ಮೊದಲು ಹಾಕಿ ಕೇಳುತ್ತಿದ್ದುದು ಒಂದೇ ಹಾಡು. ಮದುವೆಯಾದ ಹೊಸದರಲ್ಲಿ ಹೆಂಡತಿ ಅವನಿಗೆಂದೇ ಹಾಡಿ, ರೆಕಾರ್ಡ್ ಮಾಡಿ ಕೊಟ್ಟದ್ದು. ಹಾಡು ಮುಗಿದ ಮೇಲೆ ಅವಳು ಕಿಲಕ್ಕನೆ ನಕ್ಕು, "ಇದು ನಿಮಗೊಬ್ಬರಿಗೇ ರೀ, ಬೇರೆ ಯಾರಿಗೂ ಕೇಳಿಸ್ಬೇಡಿ" ಎಂದಿದ್ದಳು. ಅವನು ಯಾರಿಗೂ ಕೇಳಿಸಿರಲಿಲ್ಲ.

ಈ ಸಲ ಬಂದದ್ದು ಬೆಂಕಿಪೊಟ್ಟಣದಷ್ಟು ಪುಟ್ಟ ಪ್ಲೇಯರ್. ಒಂದನ್ನೇ ಎಲ್ಲ ವಿಮರ್ಶಕರಿಗೂ ಸರದಿಯಂತೆ ಕಳಿಸುವುದು ಕಂಪನಿಯ ಪದ್ಧತಿ. ಇದು ಅವನ ಗೆಳೆಯ, ಇನ್ನೊಂದು ಪತ್ರಿಕೆಯ ವಿಮರ್ಶಕ ಚಿದಾನಂದನ ಕೈದಾಟಿ ಬಂದಿತ್ತು. ಒಂದು ಹಾಡನ್ನು ಅಳಿಸಲು ಚಿದಾನಂದ ಮರೆತಿದ್ದ.

ಇಯರ್‌ಫೋನ್ ಸಿಕ್ಕಿಸಿಕೊಂಡು ಅವನು ಗುಂಡಿ ಒತ್ತಿದ. ಅದೇ ಹಾಡು. ಹೆಂಡತಿಯದೇ ದನಿ.

ಸಿಟ್ಟು ನೆತ್ತಿಗೇರಿತು. ಹೋದ ತಿಂಗಳು ಮನೆಗೆ ಬಂದಾಗ ಚಿದಾನಂದ ನನ್ನ ಲ್ಯಾಪ್‌ಟಾಪಿನಿಂದ ಕದ್ದಿದ್ದಾನೆ, ಕಳ್ಳ!

"ಏನ್ರೀ, ಹೇಗಿದೆ ಸೌಂಡು?" ಅಡುಗೆಮನೆಯಿಂದ ಹೆಂಡತಿ ಕೂಗಿ ಕೇಳಿದಳು.

"ತುಂಬಾ ಚೆನ್ನಾಗಿದೆ. ನೀನು ಉಸಿರೆಳೆದುಕೊಳ್ಳೋದೂ ಕೇಳಿಸ್ತಿದೆ."

"ನಮ್ಮ ಹಾಡೇ ಹಾಕಿದ್ರಾ?"

ಅವನು ಉತ್ತರಿಸುವಷ್ಟರಲ್ಲಿ ಹಾಡು ಮುಗಿಯಿತು. ಕಿವಿಯೊಳಗೆ ಅವಳು ಕಿಲಕ್ಕನೆ ನಕ್ಕಳು.

"ಇದು ನಿನಗೊಬ್ಬನಿಗೇ ಕಣೋ ಚಿದೂ, ಬೇರೆ ಯಾರಿಗೂ ಕೇಳಿಸ್ಬೇಡ."