ಆಯಿಯ ಚೌರಿ

"ಉಮಾ, ಓಡಿ ಬಾ ಇಲ್ಲಿ!"

ಅತ್ತೆ ಹಣಮಂತಮ್ಮ ಕೂಗಿದ ರೀತಿಗೆ ಪಡಸಾಲೆಯಲ್ಲಿ ಹಾವೇ ಬಂದಿರಬೇಕೆಂದುಕೊಂಡ ಉಮಾ, ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಓಡಿದಳು. ಬಂದದ್ದು ಹೇನು. ಮೊಮ್ಮಗಳು ಮೌನೇಶ್ವರಿಯನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದ ಹಣಮಂತಮ್ಮ, ಹಣಿಗೆಯ ಹಲ್ಲಿನ ಮೇಲೆ ನಡೆಯುತ್ತಿದ್ದ ಅದನ್ನು ಕಳ್ಳನನ್ನು ಹಿಡಿದವಳ ಹಾಗೆ ಎತ್ತಿ ತೋರಿಸಿದಳು.

"ನಾ ಈ ಮನಿಗೆ ಸೊಸಿಯಾಗಿ ನಡ್ಯಾಕ ಬಂದಾಗಿಂದ ಇಲ್ಲಿ ಹೇನು ಅಂಬೂದು ಕಂಡಿಲ್ಲ. ಇದು ಬಾಜೂ ಮನಿ ಸಮ್ರೀನಳ ತಲಿದು! ಕೋಲಾಟ ಕಲೀತೀವಂತ ದಿನಾ ತಲಿಗೆ ತಲಿ ಹಚ್ಚಿ ಕೂಡತಾವ. ಇವತ್ತಿಂದ ಆಕಿ ಜೋಡಿ ಆಟ ಬಂದ್. ಭಾಗಣ್ಣಗ ಆಟೋ ತರಾಕ ಹೇಳು. ಅಬ್ಬೆತುಮಕೂರ ಮಠಕ್ಕ ಹೋಗಿ ಇದರ ತಲಿ ಬೋಳಿಸಿಕೊಂಡು ಬರೂಣು. ಮಂದಿ ಕೇಳಿದ್ರ ಹರಕಿ ಅಂದ್ರಾಯ್ತು."

ಮೌನೇಶ್ವರಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಬರುವ ವಾರ ಶಾಲೆಯ ಗ್ಯಾದರಿಂಗ್. ಕೋಲಾಟದಲ್ಲಿ ಎಲ್ಲರಿಗಿಂತ ಮುಂದಿನ ಜೋಡಿ ಅವಳು ಮತ್ತು ಸಮ್ರೀನ್. "ಬೋಳ ತಲಿ ಮ್ಯಾಲ ಹೂವು ಹೆಂಗ ನಿಲ್ತಾವ ಆಯಿ?" ಎಂದು ಅಳು ತೆಗೆದಳು.

ಗಿಡ್ಡ ಗೋಡೆಯ ಆಚೆ ಮೆಣಸಿನಕಾಯಿ ಒಣಹಾಕುತ್ತಿದ್ದ ಸಮ್ರೀನಳ ತಾಯಿ ಖುರ್ಷೀದಬೇಗಂ ಸೊಂಟ ನೆಟ್ಟಗೆ ಮಾಡಿದಳು. "ಹಣಮಂತಮ್ಮಾರ, ನಮ್ಮ ಹುಡುಗಿ ತಲಿ ಬೇಕಾದ್ರ ಬಂದು ನೋಡ್ರಿ. ವಾರಕ್ಕೊಮ್ಮೆ ಬಿಸಿಲಿಗೆ ಕುಂದರಿಸಿ ಕಿವಿ ಹಿಂದ, ಹೆಡಕಿನ್ಯಾಗ ಕೂದಲ ಸರಿಸಿ ನೋಡ್ತೀನಿ. ಒಂದು ಸೀರು ಇಲ್ಲ."

"ಸೀರು ಕಾಣಾಕ ನಿನ್ನ ಕಣ್ಣಿಗೆ ಚಾಳೀಸ ಬೇಕವಾ."

"ನಿಮ್ಮದ ಕೊಡ್ರಿ ಹಂಗಾದ್ರ. ನೀವೇನು ಹಾಕ್ಕೊಳ್ಳಾಂಗಿಲ್ಲ!"

ಉಮಾ ಒಳಗೆ ಹೋಗಿ ಭಾಗಣ್ಣನಿಗೆ ಫೋನ್ ಮಾಡಿ ಬಂದಳು. ಕೆಲವು ದಿನಗಳಿಂದ ಅತ್ತೆಯ ಕೈ ಮತ್ತೆ ಮತ್ತೆ ತಲೆಯ ಮೇಲಿನ ಸೆರಗಿನೊಳಗೆ ಹೋಗುವುದನ್ನು ಅವಳು ನೋಡಿದ್ದಳು. ಕೇಳಿದರೆ "ಝಳ" ಎಂಬ ಉತ್ತರ. ಹೋದ ವಾರ ಮೊಮ್ಮಗಳ ಗಿಡ್ಡ ಜಡೆ ಕೋಲಾಟಕ್ಕೆ ಸಾಲದೆಂದು ಅತ್ತೆ ತನ್ನ ತುರುಬಿನಿಂದ ಚೌರಿ ಬಿಚ್ಚಿ, ಉದುರಿದ ತನ್ನ ಕೂದಲನ್ನೇ ಕೂಡಿಸಿ ಕಟ್ಟಿಸಿಕೊಂಡ ಆ ಚೌರಿಯನ್ನು, ತಲೆಯ ಬಿಸಿ ಆರುವ ಮೊದಲೇ ಹುಡುಗಿಯ ಜಡೆಗೆ ಹೆಣೆದಿದ್ದಳು. ಸಂಜೆ ಮತ್ತೆ ತಾನೇ ಮುಡಿದಿದ್ದಳು. ಆಮೇಲೆ ಶುರುವಾದದ್ದು ಹುಡುಗಿಯ ತುರಿಕೆ. ಆದರೆ ಅತ್ತೆಯ ತಲೆಯಲ್ಲಿ ಹೇನಿದೆ ಎಂದ ಸೊಸೆಗೆ ಆ ಮನೆಯಲ್ಲಿ ರೊಟ್ಟಿ ದಕ್ಕೀತೇ? ಸುಮ್ಮನಿದ್ದರೆ ಮಗಳ ಕೂದಲು ಹೋಗುತ್ತದೆ. ಬೋಳಿಸಿದ ಕೂದಲು ತಿರುಗಿ ಬರುತ್ತದೆ, ನಿಜ. ಆಯಿಯ ಮಗ್ಗುಲಲ್ಲಿ ಮಲಗುವ ಹುಡುಗಿಗೆ ಅದರ ಬೆನ್ನಿಗೇ ಹೇನೂ ಬರುತ್ತವೆ.

"ಅತ್ತಿ," ಎಂದಳು ಉಮಾ ಮೆತ್ತಗೆ, "ಹರಕಿ ಅಂದ ಮ್ಯಾಲ ಹಿರೇರು ಮೊದಲ ತಲಿ ಮ್ಯಾಲ ನೀರು ಹಾಕ್ಕೊಂಡು ಹೋಗಬೇಕಲ್ರಿ? ನೀರು ಕಾದಾವ. ನಾನಾ ಎರೀತೀನಿ."

"ಅದು ಖರೇ," ಎಂದು ಹಣಮಂತಮ್ಮ ಒಪ್ಪಿದಳು. ಶಾಸ್ತ್ರದ ಮಾತಿಗೆ ಅವಳು ಎಂದೂ ಇಲ್ಲ ಅಂದವಳಲ್ಲ.

ಹಿತ್ತಲ ಬಾಗಿಲಲ್ಲಿ ಉಮಾ ಗಂಡನ ಬಿಳಿ ಧೋತರ ಹಾಸಿ, ಅತ್ತೆಯನ್ನು ಬಿಸಿಲಿಗೆ ಕೂರಿಸಿ, ಸೆರಗು ಸರಿಸಿ ತುರುಬು ಬಿಚ್ಚಿದಳು. ಚೌರಿ ಧೋತರದ ಮೇಲೆ ಬಿತ್ತು. ಎಣ್ಣೆ ಹಚ್ಚಿ ಎರಡೇ ಸಲ ಹಣಿಗೆ ಎಳೆದಿದ್ದಳು. ಬಿಳಿ ಬಟ್ಟೆಯ ಮೇಲೆ ಎಳ್ಳು ಚೆಲ್ಲಿದ ಹಾಗಾಯಿತು. ಎಳ್ಳು ನಡೆಯತೊಡಗಿತು.

ಹಣಮಂತಮ್ಮ ಚಾಳೀಸು ತರಿಸಿ ಹಾಕಿಕೊಂಡು ನೋಡಿದಳು. ಒರೆಸಿಕೊಂಡು ಮತ್ತೆ ನೋಡಿದಳು.

"ಆಯಿ," ಎಂದಳು ಮೌನೇಶ್ವರಿ ಕಣ್ಣರಳಿಸಿ, "ನೀನೂ ಕೋಲಾಟಕ್ಕ ಹೋಗಿದ್ದೇನ?"

ಗೋಡೆಯ ಆಚೆ ಖುರ್ಷೀದಬೇಗಂಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಉಮಾ ಸೆರಗಿನ ತುದಿ ಕಚ್ಚಿ ನಗು ನುಂಗಿದಳು.

"ಹೇನಿಗೆ ಮಡಿ ತಲಿ, ಮೈಲಿಗಿ ತಲಿ ಅಂತಿಲ್ರಿ ಅತ್ತಿ. ಅವು ಹಾರಂಗಿಲ್ಲ, ಹತ್ರ ಬಂದ ತಲಿಗೆ ನಡಕೋತ ಹೋಗ್ತಾವ. ಯಾರ ತಪ್ಪೂ ಅಲ್ಲ. ಸಣ್ಣ ಹಲ್ಲಿನ ಹಣಿಗಿಲೆ ಎಲ್ಲಾರ ತಲೀನೂ ಇವತ್ತ ಬಾಚೂಣು, ನಂದೂ ಹಿಡದು. ಹಣಿಗಿ, ಚೌರಿ, ತಲಿದಿಂಬಿನ ಅರಬಿ ಎಲ್ಲಾ ಕುದಿಯೂ ನೀರಿಗೆ ಹಾಕ್ತೀನಿ. ನಡುನಡುವ ಬಾಚಿಕೋತ ಇದ್ರ, ಉಳದ ಸೀರು ಒಡದು ಬಂದವೂ ಸಿಗ್ತಾವ."

ಅಷ್ಟರಲ್ಲಿ ಬಾಗಿಲ ಮುಂದೆ ಆಟೋ ಹಾರ್ನ್ ಹೊಡೆಯಿತು. "ಬರ್ರಿ ಯಮ್ಮಾ, ಅಬ್ಬೆತುಮಕೂರಿಗೆ ತಡ ಆಗ್ತದ!" ಎಂದ ಭಾಗಣ್ಣ. ಮೌನೇಶ್ವರಿ ಉಸಿರು ಬಿಗಿಹಿಡಿದು ಆಯಿಯ ಮುಖ ನೋಡಿದಳು.

"ಇವತ್ತ ಬ್ಯಾಡಪಾ ಭಾಗಣ್ಣ. ದೇವರು ಮುಡಿ ಬ್ಯಾಡ ಅಂದಾನ."

"ಯಾವಾಗ ಅಂದನ್ರಿ?"

"ಈಗ, ತಲಿ ಬಾಚೂ ಮುಂದ. ಹೋಗು ನೀ."

ಆಟೋ ಹೋದ ಮೇಲೆ ಉಮಾ ಹಣಿಗೆ ಎತ್ತಿದಳು. ಹಣಮಂತಮ್ಮ ಅದನ್ನು ಇಸಿದುಕೊಂಡು ಗೋಡೆಯ ಕಡೆ ತಿರುಗಿದಳು. "ಖುರ್ಷೀದಾ, ಕೆಮ್ಮಿದ್ದು ಸಾಕು. ಸಮ್ರೀನಗ ಕಳಸಿಲ್ಲಿ. ಎಳೇ ಕಣ್ಣು, ಸೀರು ಚಂದಾಗಿ ಕಾಣ್ತಾವ."

ಖುರ್ಷೀದಬೇಗಂ ಹುಷಾರಿನ ಹೆಂಗಸು. ಮಗಳ ಕೂದಲು ಗಂಟು ಹಾಕಿ, ಮೇಲೆ ಓಢಣಿ ಬಿಗಿದು ಕಟ್ಟಿಯೇ ಕಳಿಸಿದಳು. ಸಮ್ರೀನ್ ಬಾಗಿಲು ಬಳಸದೆ ಗೋಡೆ ಹಾರಿ ಬಂದು ಓಣಿಯ ಕಡೆಗಿನ ಕಟ್ಟೆಯ ಮೇಲೆ ಕುಳಿತಳು. ಕೆಳಗಿನ ಮೆಟ್ಟಿಲ ಮೇಲೆ ಹಣಮಂತಮ್ಮ, ಅವಳ ಮುಂದೆ ಕಿವಿಯಿಂದ ಕಿವಿಗೆ ನಗುತ್ತ ಮೌನೇಶ್ವರಿ.

"ಆಯಿ, ತಲಿ ಬಗ್ಗಸ್ರಿ," ಎಂದಳು ತಲೆಗೆ ಬಿಗಿಯಾಗಿ ಬಟ್ಟೆ ಹೊದ್ದ ಹುಡುಗಿ. "ಇನ್ನಾ. ಇನ್ನಾ ಸ್ವಲ್ಪ."

ಮಗನ ಮದುವೆಯಲ್ಲಿ ಬೀಗರ ಮುಂದೂ ಬಗ್ಗದ ತಲೆ, ಸೆರಗಿಲ್ಲದೆ, ಓಣಿಯ ಬಿಸಿಲಲ್ಲಿ, ನಿಧಾನವಾಗಿ ಬಗ್ಗಿತು.