ಹನ್ನೆರಡು ಕಿಲೋ ಹೆಚ್ಚು

“ನಿನ್ನಿ ನಾ ಓದಿದ್ದು ಯಾವ ಪದ್ಯ ಇತ್ತು, ಇಷ್ಟು ಭಾರ ಆಗಾಕ?” ಹೆದ್ದಾರಿಯ ತೂಕದ ಕಟ್ಟೆಯಲ್ಲಿ ಪಿಕಪ್ಪಿನಿಂದ ಇಳಿಯುತ್ತ ನೀಲವ್ವ ತನ್ನಷ್ಟಕ್ಕೆ ಕೇಳಿದಳು. ಹಿಂದೆ ಕಟ್ಟಿದ ಟ್ರೇಲರ್‌ನಲ್ಲಿದ್ದದ್ದು ತೀರಿಹೋದ ಅಪ್ಪನ ಓದಿನ ಪೀಠವೊಂದೇ. ನಲವತ್ತು ವರ್ಷ ಕಾವ್ಯ ಕೇಳಿದ ಹಲಸು. ಕೇಳಿದಷ್ಟೂ ತೂಕ ಏರುವುದು ಎಲ್ಲ ಮರಕ್ಕೂ ಇದ್ದದ್ದೇ.

“ಟ್ರೇಲರ್ ಸೇರಿ ಏಳುನೂರ ಅರವತ್ತೆರಡು ಕಿಲೋ. ನಿಮ್ಮ ಲೈಸೆನ್ಸಿಗೆ ಹಿಂದ ಎಳಿಯಾಕ ಏಳುನೂರ ಐವತ್ತೇ ಮಿತಿ, ಅಕ್ಕಾರ,” ಎಂದ ಇನ್‌ಸ್ಪೆಕ್ಟರ್. “ಪೀಠಕ್ಕ ಒಂದು ಸುಳ್ಳು ಹೇಳ್ರಿ, ತೂಕ ಇಳೀತೈತಿ.”

ಪಕ್ಕದ ಸಾಲಿನಲ್ಲೊಬ್ಬ ತನ್ನ ಮಂಚಕ್ಕೆ, “ನಾ ಗೊರಕಿ ಹೊಡಿಯೂದಿಲ್ಲ” ಎಂದು ಹೇಳಿ ಹೇಳಿ ತೂಕ ಇಳಿಸುತ್ತಿದ್ದ.

ನೀಲವ್ವ ಗಡಿಯಾರ ನೋಡಿದಳು. ಆರಕ್ಕೆ ಊರವರು ಕೂಡುತ್ತಾರೆ. ಪೀಠ ತಲುಪದಿದ್ದರೆ ಇವತ್ತು ಓದೇ ಇಲ್ಲ.

“ಸಣ್ಣ ಸುಳ್ಳು ಇದಕ್ಕ ಸಾಲೂದಿಲ್ಲ,” ಎಂದ ಇನ್‌ಸ್ಪೆಕ್ಟರ್. “‘ನಮ್ಮಪ್ಪಗ ಓದಾಕ ಬರ್ತಿದ್ದಿಲ್ಲ’ ಅನ್ರಿ, ಮುಗೀತು.”

ನೀಲವ್ವ ಪೀಠದ ಮೇಲೆ ಕೈಯಿಟ್ಟಳು.

“ನಾ ಅನ್ನಂಗಿಲ್ಲ.”