ಬಿಳಿ ಹವಳ

ಹಸಿ ಸುಣ್ಣದ ವಾಸನೆ ಬಂದರೆ ನನಗೆ ಈಗಲೂ ಮುಂಬಯಿಯ ಕುರ್ಲಾದ ಚಾಳಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಮಾವ ಯಾವುದೋ ದ್ವೀಪದಿಂದ ಬಿಳಿಯ ಕಲ್ಲೊಂದನ್ನು ತಂದಿದ್ದ. ಅದರ ಮೈತುಂಬ ಸಣ್ಣ ಸಣ್ಣ ತೂತು. ಒದ್ದೆ ಮಾಡಿ ಮೂಸಿದರೆ ಸುಣ್ಣದ ವಾಸನೆ, ಜೊತೆಗೆ ಸ್ವಲ್ಪ ಮೀನಿನದು.

ಚಿಕ್ಕಮ್ಮ ಪೆಟ್ಟಿಗೆಗೆ ಹಗ್ಗ ಬಿಗಿದು ಬಾಗಿಲ ಬಳಿ ಕೂತಿದ್ದಳು. ಚಿಕ್ಕಪ್ಪ ತೀರಿಕೊಂಡು ವರ್ಷವಾಗಿತ್ತು. ನಮ್ಮ ಒಂದೇ ಕೋಣೆಯ ಮನೆಯಲ್ಲಿ ತಾನು ಭಾರವೆಂದು ಆ ಸಂಜೆ ಊರಿಗೆ ಹೊರಟಿದ್ದಳು.

"ಇದು ಹವಳ," ಎಂದ ಮಾವ. ಅಮ್ಮ ತಟ್ಟನೆ ಸೆರಗೆಳೆದು ಕೊರಳು ಮುಚ್ಚಿಕೊಂಡಳು. ಅವಳ ಕರಿಮಣಿಯಲ್ಲಿ ಕೆಂಪು ಹವಳಗಳಿದ್ದವು; ಚಿಕ್ಕಮ್ಮನ ಕೊರಳು ಬರಿದಾಗಿತ್ತು.

ಮಾವನಿಗೆ ಅದೊಂದೂ ಕಾಣಲಿಲ್ಲ. "ಇದು ಕಲ್ಲಲ್ಲ ಅಕ್ಕಾ, ಮನೆ. ಒಂದೊಂದು ತೂತಿನಲ್ಲೂ ಒಂದು ಜೀವ ಇತ್ತು. ಅವು ಸುತ್ತ ಸುಣ್ಣದ ಗೋಡೆ ಕಟ್ಟಿಕೊಳ್ತವೆ."

"ನಮ್ಮ ಚಾಳಿನ ಹಾಗೆ!" ಎಂದೆ ನಾನು.

"ಸತ್ತ ಮೇಲೆ?" ಚಿಕ್ಕಮ್ಮ ಕೇಳಿದಳು.

"ಮನೆ ಬೀಳುದಿಲ್ಲ. ಉಳಿದವು ಅದರ ಮೇಲೇ ಕಟ್ತಾ ಹೋಗ್ತವೆ. ಸಮುದ್ರದೊಳಗೆ ಗುಡ್ಡ ಆಗುದು ಹಾಗೇ."

ಲೋಕಲ್ ರೈಲೊಂದು ಹಾದುಹೋಯಿತು. ಹಲಗೆಯ ಮೇಲಿನ ಪಾತ್ರೆಗಳು ನಡುಗಿ ಸುಮ್ಮನಾದವು.

"ರಾತ್ರಿಗೆ ಅನ್ನಕ್ಕೆ ನೀನೇ ಇಡು ಮಾರಾಯ್ತಿ," ಎಂದಳು ಅಮ್ಮ. ಎದ್ದು ಪೆಟ್ಟಿಗೆಯ ಹಗ್ಗ ಬಿಚ್ಚಿ, ಚಿಕ್ಕಮ್ಮನ ಸೀರೆಗಳನ್ನು ಒಂದೊಂದಾಗಿ ತೆಗೆದು ತನ್ನ ಸೀರೆಗಳ ಮೇಲೆ ಪೇರಿಸತೊಡಗಿದಳು.